ನಾಲ್ಕು ಸೆಕೆಂಡಿನಲ್ಲಿ ದಾಟಬೇಕಾದ ನಮ್ಮಕ್ಕ

ಔಷಧಿ ಅಂಗಡಿಯ ಎದುರು, ಜೀಬ್ರಾ ಪಟ್ಟಿಯ ಪಕ್ಕದಲ್ಲಿ, ಒಂಟಿ ಕಾಲಿನ ಮೇಲೆ ನಿಂತು ಸಕಲ ಪಾದಚಾರಿಗಳನ್ನೂ ಕಾಯುತ್ತಿರುವ ಬುದ್ಧಿವಂತ ಸಿಗ್ನಲ್ ಕಂಬದವರಿಗೆ,

ಮಾನ್ಯರೇ,

ತಮ್ಮ ಕೆಂಪು ದೀಪ, ಹಸಿರು ದೀಪ ಮತ್ತು ಅವೆರಡರ ನಡುವೆ ಸೆಕೆಂಡು ಎಣಿಸುವ ಅಂಕಿ ಫಲಕ ಮೂವರೂ ಸೌಖ್ಯವಾಗಿದ್ದಾರೆಂದು ಭಾವಿಸುತ್ತೇನೆ. ಬಿಸಿಲಿಗೆ ತಮ್ಮ ತಲೆ ಕಾಯದಿರಲಿ, ಮಳೆಗೆ ತಮ್ಮ ತಂತಿ ನೆನೆಯದಿರಲಿ, ತಮ್ಮ ಕ್ಯಾಮೆರಾದ ಮೇಲೆ ದಿನವೂ ಕೂರುವ ಪಾರಿವಾಳಗಳು ತಮ್ಮ ಕಾರ್ಯದಕ್ಷತೆಯ ಬಗ್ಗೆ ತಮ್ಮದೇ ರೀತಿಯಲ್ಲಿ ಅಭಿಪ್ರಾಯ ಬಿಟ್ಟುಹೋಗದಿರಲಿ ಎಂದು ಮನಸಾರೆ ಹಾರೈಸುತ್ತಾ ಈ ಅರಿಕೆಯನ್ನು ಮಾಡಿಕೊಳ್ಳುತ್ತಿದ್ದೇನೆ.

ತಮಗೆ ನನ್ನ ಪರಿಚಯವಿರಲಾರದು. ತಾವು ಈಗ ನಿಂತಿರುವ ಜಾಗದಲ್ಲಿ ತಮಗಿಂತ ಮುಂಚೆ ಇಪ್ಪತ್ತೆರಡು ವರ್ಷ ಕೈಯಲ್ಲಿ ದುಂಡಗಿನ ಕೆಂಪು ಹಲಗೆ ಹಿಡಿದು ಜನರನ್ನು ರಸ್ತೆ ದಾಟಿಸುತ್ತಿದ್ದವಳು ನಾನು. ಶಾಲೆಯ ಮಕ್ಕಳು ಇಟ್ಟ ಹೆಸರು ಹಲಗೆಯಮ್ಮ; ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು, ಈಗ ಅಲ್ಲಿಯೂ ಇಲ್ಲ. ತಮ್ಮನ್ನು ನೆಟ್ಟ ದಿನ ಅಧಿಕಾರಿಗಳು ಭಾಷಣ ಮಾಡಿ, ನನಗೊಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು, ಬುದ್ಧಿವಂತ ಸಿಗ್ನಲ್ ಇರುವಲ್ಲಿ ಯಾರೂ ಹಲಗೆ ಹಿಡಿದು ನಿಲ್ಲಕೂಡದೆಂಬ ಸುತ್ತೋಲೆಯ ಪ್ರತಿಯನ್ನೂ ಅದರ ಜೊತೆಗೇ ಇಟ್ಟಿದ್ದರು.

ಹಾಗೆಂದು ಇದು ಕೆಲಸ ಹೋದವಳ ಹೊಟ್ಟೆಕಿಚ್ಚಿನ ಪತ್ರವೆಂದು ತಾವು ತಿಳಿಯಬಾರದು. ಹೊಟ್ಟೆಕಿಚ್ಚು ಇತ್ತು, ಇಲ್ಲವೆಂದು ಸುಳ್ಳು ಹೇಳುವುದಿಲ್ಲ. ಮೊದಲ ಎರಡು ತಿಂಗಳು ಔಷಧಿ ಅಂಗಡಿಯ ಬೆಂಚಿನ ಮೇಲೆ ಕುಳಿತು ತಾವು ಎಲ್ಲಿ ತಪ್ಪುತ್ತೀರಿ ಎಂದು ಬಾಯಿ ಚಪ್ಪರಿಸಿಕೊಂಡು ಕಾದೆ. ತಾವು ತಪ್ಪಲಿಲ್ಲ. ಹತ್ತು ಗಂಟೆಯ ಕಚೇರಿ ಗುಂಪನ್ನು, ಮಧ್ಯಾಹ್ನ ಊಟಕ್ಕೆ ಓಡುವವರನ್ನು, ಫೋನಿನಲ್ಲಿ ಮುಖ ಹುದುಗಿಸಿಕೊಂಡು ನಡೆಯುವವರನ್ನು ತಾವು ನನಗಿಂತ ಚೆನ್ನಾಗಿ ದಾಟಿಸಿದಿರಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎನ್ನುತ್ತಾರೆ; ತಮಗಿರುವುದು ಒಂದೇ ಕಾಲು, ಅದೂ ಕಾಂಕ್ರೀಟಿನಲ್ಲಿ ಹೂತಿದೆ, ಆದ್ದರಿಂದ ಮುಂದಿನದನ್ನೂ ಧೈರ್ಯವಾಗಿಯೇ ಹೇಳುತ್ತೇನೆ.

ನನ್ನ ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ಹೋದ ಮೇಲೆ ನನ್ನ ಜಡೆ ಹೆಣೆದವಳು, ನನ್ನನ್ನು ಕೈಹಿಡಿದು ಶಾಲೆಗೆ ರಸ್ತೆ ದಾಟಿಸಿದವಳು ಅವಳೇ. ನ್ಯಾಯಾಲಯದಲ್ಲಿ ಟೈಪಿಸ್ಟ್ ಆಗಿದ್ದು, ನಿಮಿಷಕ್ಕೆ ಎಪ್ಪತ್ತು ಪದದ ಲೆಕ್ಕದಲ್ಲಿ ಮೂವತ್ತು ವರ್ಷ ಅನ್ಯರ ಜಗಳಗಳನ್ನು ಕಾಗದಕ್ಕಿಳಿಸಿ ನಿವೃತ್ತಳಾದಳು. ಈ ವರ್ಷ ಫ್ಯಾನು ಒರೆಸುತ್ತೇನೆಂದು ಸ್ಟೂಲ್ ಹತ್ತಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಡಾಕ್ಟರು ಒಳಗೊಂದು ರಾಡು ಹಾಕಿ, ಕೈಗೊಂದು ವಾಕರ್ ಕೊಟ್ಟರು. ಕಾಲಿನ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಯ ಹುಡುಗಿ ಇರುವುದು ಸರಿಯಾಗಿ ನಮ್ಮ ಮನೆಯ ಎದುರಿನ ಕಟ್ಟಡದಲ್ಲಿ, ಅಂದರೆ ತಮ್ಮ ಪಟ್ಟಿಯ ಆಚೆ ತುದಿಯಲ್ಲಿ. ಹತ್ತು ವಾರ ದಿನ ಬಿಟ್ಟು ದಿನ ತಪ್ಪದೆ ಬಂದರೆ ಕೋಲೂ ಇಲ್ಲದೆ ನಡೆಯುತ್ತೀರಿ, ಬರದಿದ್ದರೆ ಕೀಲು ಬಿಗಿದುಕೊಂಡುಬಿಡುತ್ತದೆ, ಆಮೇಲೆ ಬಂದರೂ ನನ್ನ ಕೈಲಿ ಏನೂ ಆಗುವುದಿಲ್ಲ ಎಂದು ಆ ಹುಡುಗಿ ಮುಖಕ್ಕೆ ಹೊಡೆದಂತೆ ಹೇಳಿದ್ದಳು. ಕಾರಿನಲ್ಲಿ ಹೋಗಬಾರದೇ ಎಂದು ಕೇಳುವ ಪುಣ್ಯಾತ್ಮರಿಗೆ ಒಂದು ಮಾತು: ಕಾರು ಹತ್ತಲು ಸೊಂಟ ಕುರ್ಚಿಗೆ ಬಗ್ಗುವುದಕ್ಕಿಂತ ಹೆಚ್ಚು ಬಗ್ಗಬೇಕು, ಅಷ್ಟು ಬಗ್ಗದಿರುವುದೇ ಕಾಯಿಲೆ.

ನಾನು ಜೊತೆಗೆ ಬರುತ್ತೇನೆಂದರೆ ಅಕ್ಕ, "ನಾನೇನು ಎಳೆ ಮಗೂನಾ? ನಿನ್ನ ಕಂಬ ಅಷ್ಟು ಬುದ್ಧಿವಂತ ಅಂತ ನೀನೇ ಹೇಳಿದ್ದೀಯಲ್ಲ, ಅದೇ ದಾಟಿಸುತ್ತೆ ಬಿಡು" ಎಂದಳು. ಹೀಗೆ ಅವಳು ತಮ್ಮನ್ನು ನಂಬಿದ್ದು ನನ್ನ ಹೊಗಳಿಕೆಯಿಂದ. ಆ ಪಾಪದಲ್ಲಿ ನನಗೂ ಪಾಲಿದೆ.

ಸೋಮವಾರ ತಾವು ಅವಳಿಗೆ ಹನ್ನೆರಡು ಸೆಕೆಂಡು ದಯಪಾಲಿಸಿದಿರಿ. ಅವಳಿಗೆ ಬೇಕಾದದ್ದು ಐವತ್ತೆರಡು. ವಾಹನದವರು ಹಲ್ಲು ಕಚ್ಚಿಕೊಂಡು ಕಾದರು. ಬುಧವಾರ, ಕಳೆದ ಬಾರಿ ಇವಳು ನಿಧಾನ ಮಾಡಿದಳೆಂಬುದನ್ನು ಚೆನ್ನಾಗಿ ನೆನಪಿಟ್ಟುಕೊಂಡು, ತಾವು ಒಂಬತ್ತು ಸೆಕೆಂಡು ಕೊಟ್ಟಿರಿ. ವಾಹನದವರು ಹಾರ್ನ್ ಹೊಡೆದರು. ಶುಕ್ರವಾರ ನಾಲ್ಕು ಸೆಕೆಂಡು ಕೊಟ್ಟಿರಿ, ಮತ್ತು ಆ ದಿನ ಯಾರೂ ಕಾಯಲಿಲ್ಲ.

ಆ ಶುಕ್ರವಾರ ನಾನು ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದೆ. ಬಾಯಲ್ಲಿ ಹತ್ತಿ ಕಚ್ಚಿಕೊಂಡು ಬಸ್ಸಿನಲ್ಲಿ ಹಿಂದಿರುಗುತ್ತಿದ್ದಾಗ, ಕಿಟಕಿಯಾಚೆ, ರಸ್ತೆಯ ನಡುವಿನ ಎರಡಡಿ ಅಗಲದ ಡಿವೈಡರ್ ಮೇಲೆ, ಒಂದು ಕೈಯಲ್ಲಿ ವಾಕರ್, ಇನ್ನೊಂದು ಕೈಯಲ್ಲಿ ಅಲ್ಲಿ ನೆಟ್ಟಿದ್ದ ದಾರಿಫಲಕದ ಕಂಬಿ ಹಿಡಿದು ಒಬ್ಬ ಹೆಂಗಸು ನಿಂತಿದ್ದಳು. ಯಾರೋ ಪಾಪ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಅದು ನಮ್ಮಕ್ಕ. ನಾನು ಕುಳಿತಿದ್ದ ಬಸ್ಸು ಅವಳ ಮೊಣಕೈಗೆ ಗೇಣು ದೂರದಲ್ಲಿ ಹಾದು ಮುಂದೆ ಹೋಯಿತು. ತಮ್ಮ ಅಪ್ಪಣೆಯಂತೆ ಆ ಬಸ್ಸಿಗೆ ದಾರಿ ಬಿಟ್ಟಿತ್ತು. ಚಾಲಕನ ತಪ್ಪೇನೂ ಇಲ್ಲ. ಇಪ್ಪತ್ತೆರಡು ವರ್ಷ ಅದೇ ಬಸ್ಸನ್ನು ಒಂದು ಕೈಯಲ್ಲಿ ನಿಲ್ಲಿಸಿದವಳು ನಾನು, ಆ ದಿನ ಕೂಗಲು ಬಾಯಿ ತೆರೆದರೆ ಹತ್ತಿ ಹೊರಗೆ ಬಿತ್ತೇ ಹೊರತು ದನಿ ಬರಲಿಲ್ಲ.

ಅವಳು ಅಲ್ಲಿ ಇಪ್ಪತ್ತೈದು ನಿಮಿಷದಿಂದ ನಿಂತಿದ್ದಳೆಂದು ಔಷಧಿ ಅಂಗಡಿಯವರು ಆಮೇಲೆ ಹೇಳಿದರು. ಅಷ್ಟರಲ್ಲಿ ತಾವು ಆರು ಸಲ ಹಸಿರು ತೋರಿದ್ದಿರಿ, ಆರು ಸಲವೂ ನಾಲ್ಕೇ ಸೆಕೆಂಡು, ಆರು ಸಲವೂ ಅವಳು ವಾಕರನ್ನು ಕೆಳಗಿಳಿಸುವ ಹೊತ್ತಿಗೆ ಕೆಂಪು. ಒಂದು ಸ್ಕೂಟರು ವಾಕರಿನ ಕಾಲಿಗೆ ತಾಗಿ ಅದರ ರಬ್ಬರ್ ಬಿರಡೆಯನ್ನು ಕಿತ್ತುಕೊಂಡು ಹೋಗಿತ್ತು. ನಾನು ಮುಂದಿನ ನಿಲ್ದಾಣದಲ್ಲಿ ಇಳಿದು ಓಡಿ ಬಂದು, ವಾಹನಗಳ ಮಧ್ಯೆ ನುಗ್ಗಿ ಅವಳನ್ನು ಮನೆಗೆ ಕರೆತಂದೆ. ಅವಳು ಅಳಲಿಲ್ಲ, ತಮ್ಮನ್ನು ಬೈಯಲೂ ಇಲ್ಲ. ಕುರ್ಚಿಯಲ್ಲಿ ಕುಳಿತು, "ನಾನಿನ್ನು ಆಚೆ ಬರಲ್ಲ ಕಣೇ" ಎಂದಳು. ಅಂದಿನಿಂದ ಇಂದಿಗೆ ಹನ್ನೊಂದು ದಿನ. ಹತ್ತು ವಾರಗಳ ಕೆಲಸದಲ್ಲಿ ಹನ್ನೊಂದು ದಿನ ಕುರ್ಚಿಯಲ್ಲಿ ಕಳೆದುಹೋಗಿದೆ. ಮೂಲೆಯಲ್ಲಿ ನಿಂತ ವಾಕರಿನ ಮೇಲೆ ನಾನು ಒದ್ದೆ ಟವೆಲು ಒಣಗಹಾಕುತ್ತೇನೆ, ಅವಳು ನೋಡಿಯೂ ಏನೂ ಅನ್ನುವುದಿಲ್ಲ, ಅದೇ ನನಗೆ ಹೆದರಿಕೆ.

ಮಾರನೆಯ ದಿನವೇ ತಮ್ಮ ಕಚೇರಿಗೆ ಹೋದೆ. ಮೂಗಿನ ಮೇಲೊಂದು, ತಲೆಯ ಮೇಲೊಂದು ಕನ್ನಡಕ ಇಟ್ಟುಕೊಂಡ ಎಂಜಿನಿಯರ್ ಒಬ್ಬರು ಕುರ್ಚಿ ಕೊಟ್ಟು, ತಮ್ಮ ಒಳಗೆ ನ್ಯೂರಲ್ ನೆಟ್‌ವರ್ಕ್ ಎಂಬುದು ಇದೆ, ಅದು ಕಂಡು ಕಲಿಯುತ್ತದೆ ಎಂದು ಬಿಡಿಸಿ ಹೇಳಿದರು. ತಮ್ಮ ವಿದ್ಯಾಭ್ಯಾಸ ನಡೆದದ್ದು ಕಚೇರಿಗಳ ಬೀದಿಯಲ್ಲಂತೆ, ಮೂರು ವಾರ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ, ಇಪ್ಪತ್ತು ಸಾವಿರ ಜನರನ್ನು ನೋಡಿ. ಹಸಿರಿನ ಹೊತ್ತನ್ನು ಇಪ್ಪತ್ತನಾಲ್ಕು ಸೆಕೆಂಡಿನಿಂದ ಹನ್ನೆರಡಕ್ಕೆ ಇಳಿಸುತ್ತಾ ಹೋದಂತೆ, ಫೋನು ನೋಡುತ್ತಾ ತೂಗಾಡುತ್ತಿದ್ದವರೆಲ್ಲ ತಲೆ ಎತ್ತಿ ಬಿರಬಿರನೆ ನಡೆದರು. ಹೊತ್ತು ಕಡಿಮೆ ಮಾಡಿದಷ್ಟೂ ಜನ ಚುರುಕಾಗುತ್ತಾರೆಂಬ ಸತ್ಯ ತಮಗೆ ಅಲ್ಲಿ ಹೊಳೆಯಿತು. ಅಷ್ಟರೊಳಗೆ ಅದು ಸತ್ಯವೇ. ಆಮೇಲೆ ಬಂದವಳು ನಮ್ಮಕ್ಕ, ಅಷ್ಟು ನಿಧಾನದವರನ್ನು ತಾವು ಜನ್ಮದಲ್ಲಿ ಕಂಡಿರಲಿಲ್ಲ, ಆದರೂ ಅದೇ ಗೆರೆಯನ್ನು ಹಿಡಿದು ಮುಂದಕ್ಕೆ ಎಳೆದಿರಿ: ಇಷ್ಟು ನಿಧಾನದವಳಿಗೆ ಇಷ್ಟು ಕಡಿಮೆ ಹೊತ್ತು ಕೊಟ್ಟರೆ ಓಡಿಯೇ ಓಡುತ್ತಾಳೆ. ಆ ಲೆಕ್ಕದಲ್ಲಿ ತಮಗೆ ತೊಂಬತ್ತೆಂಟು ಪ್ರತಿಶತ ವಿಶ್ವಾಸವಿತ್ತೆಂದು ಪರದೆಯ ಮೇಲೂ ತೋರಿಸಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವನಿಗೂ ಇಷ್ಟು ವಿಶ್ವಾಸವಿದ್ದಿರಲಾರದು.

ಹಾಗಾದರೆ ಆ ಇಪ್ಪತ್ತು ಸಾವಿರದಲ್ಲಿ ಒಬ್ಬರೂ ಕುಂಟುತ್ತಿರಲಿಲ್ಲವೇ ಎಂದು ಕೇಳಿದೆ. ಎಂಜಿನಿಯರರು ಮೂಗಿನ ಮೇಲಿನ ಕನ್ನಡಕ ತೆಗೆದು, ತಲೆಯ ಮೇಲಿನದನ್ನು ಹಾಕಿಕೊಂಡು, ತಗ್ಗಿದ ದನಿಯಲ್ಲಿ, "ಇದ್ದರಮ್ಮ. ಅರ್ಧ ನಿಮಿಷ ಮೀರಿದವರನ್ನೆಲ್ಲ ಕ್ಯಾಮೆರಾ ದೋಷ ಅಂತ ಅಳಿಸಿಬಿಟ್ಟಿದ್ದೀವಿ" ಎಂದರು. ಮನುಷ್ಯ ಒಳ್ಳೆಯವರು, ತಲೆ ಎತ್ತದೆ ಹೇಳಿದರು.

ಮಾನ್ಯರೇ, ಇಂಥ ದೂರದೃಷ್ಟಿಯನ್ನು ಬರೀ ರಸ್ತೆ ದಾಟಿಸುವುದರಲ್ಲಿ ಪೋಲು ಮಾಡುವುದು ಅನ್ಯಾಯವೆಂದು ನನ್ನ ನಮ್ರ ಅಭಿಪ್ರಾಯ. ನನ್ನ ಅಕ್ಕನ ಮೊಮ್ಮಗ ಹೋದ ವರ್ಷ ಗೇಣುದ್ದ ಬೆಳೆದ. ತಮ್ಮ ಗೆರೆಯ ಪ್ರಕಾರ ಅವನು ಐವತ್ತು ತುಂಬುವ ಹೊತ್ತಿಗೆ ನೀರಿನ ಟ್ಯಾಂಕಿನ ಎತ್ತರವಾಗುವುದು ಖಂಡಿತವಾದ್ದರಿಂದ, ದಯವಿಟ್ಟು ನಮ್ಮ ದರ್ಜಿಯವರಿಗೆ ಈಗಲೇ ಒಂದು ಮುನ್ಸೂಚನೆ ಕೊಡಬೇಕು. ಇನ್ನೂ ದೊಡ್ಡ ಉಪಕಾರ ಒಂದಿದೆ. ಹನ್ನೆರಡು ಸೆಕೆಂಡಿನಿಂದ ಒಂಬತ್ತು, ಒಂಬತ್ತರಿಂದ ನಾಲ್ಕು ಎಂದು ಇಳಿಸುತ್ತಾ ಬಂದಿರುವ ತಾವು ಹೀಗೆಯೇ ಸೊನ್ನೆಯನ್ನೂ ದಾಟಿ ಕೆಳಗಿಳಿದರೆ, ಅಕ್ಕ ಹೊರಡುವುದಕ್ಕೆ ಮೊದಲೇ ಆಚೆ ದಡ ಸೇರಿರುತ್ತಾಳೆ; ಇನ್ನೂ ಸ್ವಲ್ಪ ಇಳಿಸಿ ಅವಳು ಸ್ಟೂಲ್ ಹತ್ತುವ ಮುಂಚಿನ ದಿನಕ್ಕೇ ತಲುಪುವಂತೆ ಮಾಡಿದರೆ, ಮೂಳೆಯೇ ಮುರಿಯದೆ, ಅವಳು ತಮ್ಮ ಬಳಿ ಬರುವ ಪ್ರಸಂಗವೇ ಇರುವುದಿಲ್ಲ. ತಮ್ಮಿಂದ ಇದು ಆಗದ ಕೆಲಸವೇನಲ್ಲ. ಕಾಣದ ಕಡೆಗೆ ಗೆರೆ ಎಳೆಯುವುದರಲ್ಲಿ ತಮಗೆ ಸರಿಸಾಟಿ ಯಾರು?

ಇದು ಕಷ್ಟವೆನಿಸಿದರೆ ಸಣ್ಣದೊಂದು ಬೇಡಿಕೆ. ತಮ್ಮಲ್ಲಿ ಕೆಂಪು ಇದೆ, ಹಸಿರು ಇದೆ. 'ಗೊತ್ತಿಲ್ಲ' ಎನ್ನುವುದಕ್ಕೆ ಒಂದು ದೀಪವಿಲ್ಲ. ಯಾವ ಬಣ್ಣದ್ದಾದರೂ ಸರಿ, ಒಂದನ್ನು ಹಾಕಿಸಿಕೊಳ್ಳಬೇಕು. ನನಗೂ ಈ ಕೆಲಸದಲ್ಲಿ ಗೊತ್ತಿಲ್ಲದವು ದಿನಕ್ಕೊಂದು ಬರುತ್ತಿದ್ದವು. ಗಾಲಿ ಹಚ್ಚಿದ ಬೀರುವನ್ನು ಹಿಮ್ಮುಖವಾಗಿ ನಡೆಯುತ್ತಾ ಎಳೆದುಕೊಂಡು ಒಬ್ಬ ಬಂದ. ರಸ್ತೆಯಷ್ಟೇ ಉದ್ದದ ಗಾಜಿನ ಹಲಗೆ ಹೊತ್ತು ಇಬ್ಬರು ಬಂದರು. ಕಣ್ಣು ಕಾಣದ ಹದಿನಾಲ್ಕು ಮಕ್ಕಳು ಒಂದೇ ಹಗ್ಗ ಹಿಡಿದುಕೊಂಡು ಬಂದರು, ನಡುವಿನವನಿಗೆ ನಗು ಬಂದು ಸಾಲೇ ನಿಂತುಬಿಟ್ಟಿತು. ಇವರಲ್ಲಿ ಒಬ್ಬರನ್ನೂ ನಾನು ಮೊದಲು ಕಂಡಿರಲಿಲ್ಲ. ಎಷ್ಟು ಹೊತ್ತು ಬೇಕೆಂದು ನನಗೆ ತಿಳಿದಿರಲಿಲ್ಲ, ತಿಳಿದವಳಂತೆ ನಟಿಸಲೂ ಇಲ್ಲ. ಹಳೆಯ ಮೇಸ್ತ್ರಿ ಕೆಲಸ ಕಲಿಸುವಾಗ ಒಂದೇ ಮಾತು ಹೇಳಿದ್ದರು: ಗಡಿಯಾರ ನೋಡಬೇಡ, ಕೊನೆಯವರ ಹಿಮ್ಮಡಿ ನೋಡು, ಅದು ಫುಟ್‌ಪಾತ್ ಏರುವವರೆಗೆ ಹಲಗೆ ಇಳಿಸಬೇಡ. ಎಲ್ಲರಿಗಿಂತ ನಿಧಾನದವರ ಅರ್ಧ ಹೆಜ್ಜೆ ಹಿಂದೆ, ವಾಹನಗಳು ಬರುವ ಕಡೆಗೆ ನಾನು ನಡೆಯುತ್ತಿದ್ದೆ. ನನ್ನ ವಿದ್ಯೆಯೆಲ್ಲ ಅಷ್ಟೇ. ಕಾಣದ್ದು ಬಂದಾಗ ನಾನು ಊಹಿಸಲಿಲ್ಲ, ಕಾದೆ. ಅದಕ್ಕೇ ನನ್ನನ್ನು ದಡ್ಡಿ ಎಂದು ಮನೆಗೆ ಕಳಿಸಿದರೆಂದು ಕಾಣುತ್ತದೆ.

ನನಗೆ ಸಿಟ್ಟು ಬಂದದ್ದು ಇಷ್ಟಕ್ಕೂ ಅಲ್ಲ. ಎಂದೂ ಕಾಣದ್ದರ ವಿಷಯದಲ್ಲಿ ತಪ್ಪಿದರೆ ಕ್ಷಮಿಸಬಹುದು. ಮೊನ್ನೆ ತಮ್ಮ ಕಾಲ ಬುಡದಲ್ಲಿ ಹೊಸ ಫಲಕ ಹಾಕಿದ್ದಾರೆ: ಈ ಪಟ್ಟಿಯಲ್ಲಿ ದಾಟುವ ಸರಾಸರಿ ವೇಗ ಹೆಚ್ಚಿದೆ, ನಿಧಾನಗತಿಯ ಪಾದಚಾರಿಗಳ ಸಂಖ್ಯೆ ಸೊನ್ನೆಗೆ ಇಳಿದಿದೆ, ಇದೇ ಯಂತ್ರವನ್ನು ಇನ್ನೂ ನಲವತ್ತು ಕಡೆ ನೆಡಲಾಗುವುದು. ಆಹಾ! ಸೊನ್ನೆ ನಿಜ. ಆ ಸೊನ್ನೆ ನಮ್ಮ ಮನೆಯಲ್ಲಿ ಕುರ್ಚಿಯ ಮೇಲೆ ಕುಳಿತಿದೆ. ಇನ್ನೊಂದು ಸೊನ್ನೆ, ಕಾಲೆಳೆದು ನಡೆಯುವ ಬೀಗ ರಿಪೇರಿಯವನು, ಪೆಟ್ಟಿಗೆ ಎತ್ತಿಕೊಂಡು ಈ ಬದಿಗೇ ಬಂದುಬಿಟ್ಟಿದ್ದಾನೆ, ಆಚೆ ಬದಿಯ ಹಳೆಯ ಗಿರಾಕಿಗಳನ್ನು ಕೈಬಿಟ್ಟು. ತಮಗೆ ಗೊತ್ತಿಲ್ಲದವರನ್ನು ರಸ್ತೆಯಿಂದಲೇ ಓಡಿಸಿ, ಉಳಿದವರನ್ನು ನೋಡಿ ತಾವು ಇನ್ನಷ್ಟು ಕಲಿಯುತ್ತಿದ್ದೀರಿ. ಮುಂದಿನ ನಲವತ್ತು ಕಂಬಗಳು ತಮ್ಮಿಂದಲೇ ಪಾಠ ಹೇಳಿಸಿಕೊಳ್ಳುತ್ತವಂತೆ.

ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತೇನೋ, ಇರಲಿ. ಈ ಪತ್ರವನ್ನು ನಾನು ಹೇಳುತ್ತಾ ಹೋದಂತೆ ಬೆರಳಚ್ಚು ಮಾಡಿದವಳು ಅಕ್ಕನೇ, ಹನ್ನೊಂದು ದಿನದ ನಂತರ ಮೊದಲ ಬಾರಿಗೆ ಮೇಜಿನ ಮುಂದೆ ಕುಳಿತು. ತನ್ನ ವಿಷಯ ಬಂದಾಗಲೂ ಕೈ ನಿಲ್ಲಿಸಲಿಲ್ಲ. ಬಸ್ಸಿನ ಸಂಗತಿ ಅವಳಿಗೆ ನಾನು ಈವರೆಗೆ ಹೇಳಿರಲಿಲ್ಲ, ಅಲ್ಲಿ ಮಾತ್ರ ಒಂದು ಗಳಿಗೆ ಬೆರಳು ತಡೆದವು. ಕೊನೆಯವರ ಹಿಮ್ಮಡಿಯ ಮಾತು ಮುಗಿದ ಮೇಲೆ ನನ್ನ ಕಡೆ ತಿರುಗಿ, "ಪತ್ರ ಬರೆದದ್ದು ಸಾಕು, ನನ್ನ ವಾಕರ್ ಮೇಲಿರೋ ನಿನ್ನ ಟವೆಲು ತೆಗಿ" ಎಂದಳು. ತೆಗೆದಿದ್ದೇನೆ. ಔಷಧಿ ಅಂಗಡಿಯಿಂದ ಹೊಸ ರಬ್ಬರ್ ಬಿರಡೆ ತಂದು ಹಾಕಿದ್ದೇನೆ. ನೀರಿನ ಡ್ರಮ್ಮಿಗೆ ಮುಚ್ಚಳವಾಗಿದ್ದ ಕೆಂಪು ಹಲಗೆಯನ್ನು ತೊಳೆದು ಒರೆಸಿ ಬಾಗಿಲ ಬಳಿ ಇಟ್ಟಿದ್ದೇನೆ. ಬರುವ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ, ಸುತ್ತೋಲೆಗೆ ತಲೆಬಾಗಿ ನಮಸ್ಕರಿಸಿ, ಅದನ್ನು ಮುರಿಯಲು ಬರುತ್ತಿದ್ದೇವೆ. ತಾವು ಆಗ ಯಾವ ಬಣ್ಣ ತೋರಿದರೂ ನಮ್ಮ ಅಭ್ಯಂತರವಿಲ್ಲ.

ತಮ್ಮ ಒಂಟಿ ಕಾಲಿಗೆ ಎಂದೂ ನೋವು ಬಾರದಿರಲೆಂದು ಹಾರೈಸುವ,

ತಮ್ಮ ವಿಶ್ವಾಸಿ (ಎರಡು ಪ್ರತಿಶತ),
ಹಲಗೆಯಮ್ಮ

ವಿ.ಸೂ.: ಸೋಮವಾರ ತಮ್ಮ ಕ್ಯಾಮೆರಾಕ್ಕೆ ಐವತ್ತೆರಡು ಸೆಕೆಂಡಿನ ಒಂದು ದೋಷ ಕಾಣಿಸುತ್ತದೆ, ಅದರ ಅರ್ಧ ಹೆಜ್ಜೆ ಹಿಂದೆ ಹಲಗೆ ಹಿಡಿದ ಇನ್ನೊಂದು ದೋಷ. ಪದ್ಧತಿಯಂತೆ ಎರಡನ್ನೂ ಅಳಿಸಿಹಾಕಿ, ಬೇಸರವಿಲ್ಲ. ಆದರೆ ಖಾಲಿ ರಸ್ತೆಯ ಎದುರು ಅಷ್ಟು ಹೊತ್ತು ಒಂದು ಬಸ್ಸು ಏಕೆ ನಿಂತಿತ್ತೆಂದು ಆ ನಲವತ್ತು ಶಿಷ್ಯರು ಕೇಳಿದಾಗ, ಉತ್ತರವನ್ನು ದಯವಿಟ್ಟು ತಾವೇ ಊಹಿಸಬೇಕು.