ಮೋಟಾರು ಬಿಟ್ಟು ಬಿಸಿಲಿಗೆ ಬಂದೆ

ಹೊಸಾ ಕೆಲಸಕ್ಕ ಹ್ವಾದವನ ಹಿಂದ ನಗಿ ತಾನಾಗೇ ಬರ್ತೈತಿ. ಕರಿಯೂದು ಬ್ಯಾಡ.

ಕಮತಗಿಯೊಳಗ ನಂದು ಮೋಟಾರ್ ವೈಂಡಿಂಗ್ ಅಂಗಡಿ ಇತ್ತು. ನಾ ತಂತಿ ಸುತ್ತತಿದ್ದೆ. ನನ್ನ ಹೆಂಡತಿ ಎದುರಿಗೆ ಕುಂತು ತಂತಿ ಬಿಗಿ ಹಿಡೀತಿದ್ದಳು. ಹ್ವಾದ ವರ್ಷ ತೀರಿಕೊಂಡಳು. ಆಮ್ಯಾಲ ತಂತಿ ಹಿಡಿದ್ರ ಎದುರಿಗೆ ಯಾರೂ ಇಲ್ಲ. ಕೈ ಓಡಲಿಲ್ಲ. ಅಂಗಡಿ ಮುಚ್ಚಿದೆ.

ಅಮೀನಗಡದ ಸೋಲಾರ್ ಅಂಗಡಿ ಮಾಲಕರು ಗುರ್ತಿನವರು. "ಕರೆಂಟ್ ಬಲ್ಲವ ನೀ. ಸೋಲಾರ್ ಕಲಿ," ಅಂದ್ರು. "ಆದ್ರ ನೀ ಕೂಡಿಸಿದ್ದು ನೋಡಿ ಇನ್ನೊಬ್ಬರು ನಿನ್ನ ಕರೀಬೇಕು. ಆಗ ಕೆಲಸ ಕಾಯಂ."

ಐವತ್ತು ದಾಟಿತ್ತು. ಹೂಂ ಅಂದೆ. ಮನ್ಯಾಗ ಕುಂತ್ರ ಬರೇ ಗೋಡಿ ನೋಡಬೇಕು.

ಅರ್ಥ

ಬಾಗಲಕೋಟ್ಯಾಗ ತರಬೇತಿ. ಕಲಿಸಾಕ ಮೈಸೂರು ಕಡೆಯ ಸಣ್ಣ ವಯಸ್ಸಿನ ಮೇಡಮ್ಮ. ನನಗ ಹಚ್ಚಿದ ಕೆಲಸ ಅರ್ಥ್ ಕೊಡೂದು. ಅಂದ್ರ ನೆಲಕ್ಕ ಸಲಾಕಿ ಹೊಡೆದು ತಂತಿ ಕಟ್ಟೂದು.

ಮೇಡಮ್ಮ ಬಂದು ಎಲ್ಲಾ ವಿವರಿಸಿ ಕೇಳಿದಳು: "ಅರ್ಥ ಆಯ್ತಾ ಸರ್?"

"ಇನ್ನೂ ಇಲ್ರಿ."

ಪಾಪ, ಮತ್ತ ಮೊದಲಿಂದ ಹೇಳಿದಳು. "ಈಗ ಅರ್ಥ ಆಯ್ತಾ?"

"ಇಲ್ರೀ ಮೇಡಂ. ನಡದೈತಿ."

ಬೋರ್ಡಿನ ಮ್ಯಾಲ ಚಿತ್ರ ಬರೆದಳು. ಬೆವರು ಒರೆಸಿಕೊಂಡಳು. "ಎಲ್ಲಿ ಅರ್ಥ ಆಗ್ತಿಲ್ಲ, ಹೇಳಿ ಸರ್. ಸಂಕೋಚ ಬೇಡ."

"ಇಲ್ಲೇ ರೀ. ನೆಲಾ ಗಟ್ಟಿ ಐತಿ, ಸಲಾಕಿ ಇಳೀವಲ್ದು."

ಕುದುರಿ

ಬಾದಾಮಿ ಕಡೆಯ ಒಬ್ಬ ಕುರಿಗಾರ ಸಣ್ಣ ಪ್ಯಾನೆಲ್ ಒಯ್ದ. ಮೊಬೈಲಿಗೆ ಚಾರ್ಜ್ ಬೇಕಾಗಿತ್ತು. ಕುರಿ ಜೋಡಿ ಊರೂರು ತಿರುಗುವವ, ಅದಕ್ಕ ಸಾಮಾನು ಹೊರೂ ಕುದುರಿ ಮ್ಯಾಲ ನಾನೇ ಕಟ್ಟಿಕೊಟ್ಟೆ. "ಬಿಸಿಲು ಬೀಳಬೇಕಂದ್ರ ದಕ್ಷಿಣಕ್ಕ ಮುಖಾ ಇರಬೇಕು ನೋಡಪಾ," ಅಂತ ತಿಳಿಸಿ ಹೇಳಿದೆ. ಇವ ಹೊಗಳಿದ್ರ ಇನ್ನೊಬ್ಬ ಕುರಿಗಾರ ಬರ್ತಾನ ಅಂತ ಆಸೆ.

ಮುಂದ ಸಂತ್ಯಾಗ ಸಿಕ್ಕ.

"ಹೆಂಗೈತಿ ಪ್ಯಾನೆಲ್?"

"ಪ್ಯಾನೆಲ್ ಛಲೋ ಐತಿ ಮಾವಾ. ತ್ರಾಸ ಕುದುರೀದು. ದಕ್ಷಿಣಕ್ಕ ಮುಖಾ ಮಾಡಂದ್ರ ಮಾಡವಲ್ದು. ಮೇವು ಉತ್ತರಕ್ಕ ಐತಿ."

"ನಾ ಏನ್ ಮಾಡ್ಲಿ?"

"ನೀ ಒಮ್ಮಿ ಬಂದು ಅದಕ್ಕ ತಿಳಿಸಿ ಹೇಳು. ನನ್ನ ಮಾತು ಕೇಳೂದಿಲ್ಲ."

ಇನ್ನೊಬ್ಬ ಕುರಿಗಾರ ಬರಲಿಲ್ಲ.

ಬಣ್ಣ

ಇಳಕಲ್ಲಿನ್ಯಾಗ ಒಬ್ಬ ನೇಕಾರ ಅಜ್ಜಿ. ಆಕಿ ಮನಿಗೆ ನಾ ಒಬ್ಬನೇ ಸೋಲಾರ್ ಕೂಡಿಸಿದೆ. ಮಗ್ಗದ ಮ್ಯಾಲ ಒಂದು ಲೈಟು, ಒಂದು ಫ್ಯಾನು. ಮಾಲಕರು ಅಂದ್ರು: "ಇದೂ ಕೆಟ್ರ ನಾ ಏನೂ ಮಾಡಾಕ ಬರೂದಿಲ್ಲ."

ಮೂರನೇ ದಿನಾ ಅಜ್ಜಿ ಫೋನು: "ತಮ್ಮಾ, ನಿನ್ನ ದೀಪ ಸತ್ತೈತಿ."

ಬಸ್ ಹಿಡಿದು ಓಡಿದೆ. ತಂತಿ ಸರಿ. ಬಲ್ಬು ಸರಿ. ಬ್ಯಾಟರಿ ಖಾಲಿ. ಮಾಳಗಿ ಹತ್ತಿದೆ.

ಪ್ಯಾನೆಲ್ಲಿಗೆ ಅಜ್ಜಿ ಹಳೇ ಸೀರಿ ಹೊಚ್ಚಿ ನಾಕೂ ಮೂಲಿಗೆ ಕಲ್ಲು ಇಟ್ಟಿದ್ದಳು.

"ಯವ್ವಾ, ಇದೇನಿದು?"

ಕೆಳಗಿಂದ ಒದರಿದಳು: "ಎಷ್ಟು ಛಂದ ನೀಲಿ ಬಣ್ಣ ಐತಿ! ಬಿಸಿಲಿಗೆ ಬಿಟ್ರ ಹೋಗೂದಿಲ್ಲೇನು? ಬಣ್ಣದ ಸಾಮಾನು ನೆರಳಾಗ ಇಡಬೇಕೋ ತಮ್ಮಾ. ಇಷ್ಟು ವರ್ಷ ನೂಲಿಗೆ ಬಣ್ಣಾ ಹಾಕೇನಿ, ನನಗ ಹೇಳಾಕ ಬರ್ತಿಯೇನು?"

ಕಲ್ಲಿನ ಮ್ಯಾಲೇ ಕುಂತೆ. ನಗಿ ತಡೀಲಿಲ್ಲ. ಹೆಂಡತಿ ಹ್ವಾದ ಮ್ಯಾಲ ಹಂಗ ನಕ್ಕಿದ್ದಿಲ್ಲ. ಕಣ್ಣೀರು ಬಂತು, ಒರೆಸಿಕೊಂಡೆ.

ಸೀರಿ ತಗದೆ. ಅಜ್ಜಿ ಕೊಟ್ಟ ಚಾ ಕುಡಿಯೂದ್ರಾಗ ಬ್ಯಾಟರಿಗೆ ಜೀವ ಬಂತು. ಬಲ್ಬು ಹತ್ತಿತು.

ಅಜ್ಜಿಗೆ ಹಿಡಿಸಲಾರದಷ್ಟು ಖುಷಿ. ಹೊರಗ ಬಂದು ಇಡೀ ಓಣಿಗೆ ಕೇಳೂಹಂಗ ಒದರಿದಳು: "ಈ ತಮ್ಮ ಭಾಳ ಶಾಣ್ಯಾ ಅದಾನ್ರೇ! ಬಂದ, ಸೀರಿ ತಗದ, ಲೈಟ್ ಹತ್ತಿತು!"

ಕಟ್ಟಿ ಮ್ಯಾಲ ಕುಂತ ಗಂಡಸರೆಲ್ಲ ಹೊಳ್ಳಿ ನೋಡಿದ್ರು. ನಾ ಚೀಲ ಎತ್ತಿಕೊಂಡು ತೆಲಿ ಬಗ್ಗಿಸಿ ಹೊಂಟೆ. ಎದುರುಮನಿ ಹೆಣ್ಣಮಗಳು ಬಾಗಲಾ ತೆರೆದು ಕರೆದಳು. ಮಾಲಕರು ಅಂದಂಗ, ಕೆಲಸ ಕಾಯಂ.

"ಅಣ್ಣಾರ, ನಮಗೂ ಒಂದು ಕೂಡಸ್ರಿ," ಅಂದಳು. "ಆದ್ರ ನಮ್ಮನಿಯವ್ರು ಇದ್ದಾಗ ಬರ್ರಿ."