ಕೌದಿಯೊಳಗಿನ ಗಡಗಿ

ಕಸಾ ಕೊಳಸೋದು ನನ್ನ ನೌಕರಿ. ಅದಕ್ಕೋ ಏನೋ, ನಾ ಹೋದಲ್ಲೆಲ್ಲಾ ಒಂದು ಫಜೀತಿ ಮೊದಲೇ ಬಂದು ಕೂತಿರ್ತದ.

ಬರಗಾಲ ಬಿದ್ದಿತ್ತು. ದನಕ್ಕ ಮೇವಿಲ್ಲ. ತೊಗರಿ ಕಟ್ಟಿಗಿಯಂಥ ಗಡಸು ಕಸಾನೂ ಮೆತ್ತಗ ಮಾಡಿ ದನಕ್ಕ ತಿನ್ನಿಸೋ ಎಂಝೈಮ್ ತಯಾರ್ ಮಾಡ್ತೀನಂತ ಉದಗೀರದ ನಮ್ಮ ಲ್ಯಾಬಿನ ಸರ್ ಹಟ ಹಿಡದಿದ್ರು. ಅದಕ್ಕ ಮೊದಲು ಕಸಾ ತಿನ್ನೋ ಬೂಷ್ಟು ಬೇಕು. ಹುಡುಕೋದು ನನ್ನ ಪಾಲಿಗಿ ಬಂತು.

೧. ಬಣವಿ

ನಿಲಂಗಾ ಕಡೆ ಒಬ್ಬ ಮುದುಕ ತನ್ನ ಬಣವಿ ಕಾಯ್ಕೋತ ಕೂತಿದ್ದ.

"ಕಾಕಾ, ನಿಮ್ಮ ಬಣವ್ಯಾಗ ಕೊಳತ ಜ್ವಾಳದ ಕಣಕಿ ಅದೇನ್ರಿ?" ಅಂದೆ.

ಮುದುಕ ಎದ್ದೇ ನಿಂತ. "ಕಾಯ್ ಮ್ಹಣಾಲಾಸ? ಏನಂದಿ? ಇವತ್ತು ಮಗಳನ್ನ ಕೇಳಾಕ ಬೀಗರು ಬರ್ತಾರ, ಬಂದವರು ಮೊದಲು ನೋಡೋದೇ ಬಣವಿ!"

ಅಷ್ಟರಾಗ ಬೀಗರು ಬಂದೇ ಬಿಟ್ರು. ಮುದುಕ ನನ್ನ ರಟ್ಟಿ ಗಟ್ಟಿ ಹಿಡದು, "ಇವರು ಲ್ಯಾಬಿನವರ್ರಿ, ನನ್ನ ಕಣಕಿ ತಪಾಸಣಿಗಿ ಬಂದಾರ" ಅಂದ. ಕೊಳತದ್ದು ಕೇಳಾಕ ಹೋದಾಂವ ಚಲೋದಕ್ಕ ಸರ್ಟಿಫಿಕೇಟ್ ಕೊಟ್ಟು, ಪೇಢಾ ತಿಂದು ಬಂದೆ.

೨. ಅಕ್ಕಾರ ಹಿತ್ತಲ

ನಾ ಬಾಡಿಗಿ ಇದ್ದದ್ದು ಅರವಿ ಅಂಗಡಿ ಶೇಠ್ ಮನ್ಯಾಗ. ಅವರ ಹೆಂಡತಿಗಿ ಎಲ್ಲಾರೂ ಅಕ್ಕಾರು ಅಂತಿದ್ರು. ಟ್ಯಾಂಕರ್ ಬರದ ದಿನ ಯಾರು ಕೇಳಿದ್ರೂ, "ಒಂದ್ ಹನಿ ನೀರಿಲ್ರೆವ್ವಾ" ಅನ್ನೋರು.

ಒಂದಿನ ಅವರ ಹಿತ್ತಲದಾಗ ಗೋಣಿತಟ್ಟಿನ ಮ್ಯಾಲ ಭಾರಿ ಬೂಷ್ಟು ಕಂಡೆ. "ಸಿಕ್ತು! ಇಲ್ಲಿ ಹಸಿ ಅದ!" ಅಂತ ಚೀರಿದೆ. ಗೋಡಿ ಮ್ಯಾಲ ನಾಕು ತಲಿ ಎದ್ವು. ತಟ್ಟು ಎತ್ತಿದ್ರ ಕೆಳಗ ಆರು ತುಂಬಿದ ಕೊಡ!

ಅಕ್ಕಾರು ನಕ್ಕೋತ ಎಲ್ಲಾರಿಗೂ ನೀರು ಹಂಚಿದ್ರು. ಆಮ್ಯಾಲ ಒಳಗ ಬಂದು, "ತಮ್ಮಾ, ನಿನ್ನ ಬಾಯಾಗ ಮಣ್ಣ ಹಾಕ" ಅಂದ್ರು.

೩. ಸೋಮವಾರ

ಆ ಬೂಷ್ಟು ಜಬರದಸ್ತ್ ಇತ್ತು. ಸರ್ ಅದರ ಜೀನಿನಾಗ ಕೈಯಾಡಿಸಿ ಎಂಝೈಮಿಗಿ ಇನ್ನಷ್ಟು ಹಲ್ಲು ಕೂಡಿಸಿದ್ರು. ಪುಣೆದಿಂದ ದೊಡ್ಡ ಸಾಹೇಬ್ರು ಸೋಮವಾರ ಬರೋರು. ತೊಗರಿ ಕಟ್ಟಿಗಿ ಮೆತ್ತಗಾಗದಿದ್ರ ಸ್ಕೀಮ್ ಬಂದ್, ನನ್ನ ನೌಕರಿನೂ ಬಂದ್. ನೋಡಿದ್ರ ಕರೆಂಟ್ ಇಲ್ಲ, ಬೆಚ್ಚಗಿಡೋ ಪೆಟ್ಟಿಗಿ ತಣ್ಣಗ, ಕಟ್ಟಿಗಿ ಲಾಠಿಯಂಗ ಸೆಟದು ನಿಂತದ. ಅಕ್ಕಾರ ಮುಂದ ಅಳೋದೊಂದೇ ಬಾಕಿ.

"ಬೆಚ್ಚಗಿಡೋದು ತಾನೇ? ಕೊಡಿಲ್ಲಿ," ಅಂದು ಅಕ್ಕಾರು, ಹಾಲಿಗಿ ಹೆಪ್ಪ ಹಾಕಿದಂಗ, ಕಟ್ಟಿಗಿ ಎಂಝೈಮ್ ಎರಡೂ ಒಂದು ಗಡಗ್ಯಾಗ ಹಾಕಿ, ಕೌದಿ ಸುತ್ತಿ ಒಲಿ ಬಾಜು ಇಟ್ರು. ಮೂರು ದಿನ ಮುಟ್ಟಗೊಡಲಿಲ್ಲ.

ಸೋಮವಾರ ನಸುಕಿನ್ಯಾಗ ಗಡಗಿ ಲ್ಯಾಬಿಗಿ ಒಯ್ದೆ. ಸಾಹೇಬ್ರು ಕಟ್ಟಿಗಿ ಹಿಚಕಿದ್ರು. ಕುದ್ದ ಬ್ಯಾಳಿಯಂಗ ಆಗಿತ್ತು. ಆದ್ರೂ ಅವರಿಗಿ ಸಂಶಯ: "ಕುದಿಸಿ ತಂದೀರೇನು?"

ಅಷ್ಟರಾಗ ಅಕ್ಕಾರು ಕೌದಿ ಹಿಡಕೊಂಡು ಒಳಗ ನುಗ್ಗಿದ್ರು. ಗಡಗಿ ಸೋರಿ, ಎಂಝೈಮ್ ಕೌದಿಗಿ ಇಳದಿತ್ತು.

"ನಮ್ಮವ್ವನ ಸೀರಿ, ನಮ್ಮತ್ತಿ ಸೀರಿ, ನನ್ನ ಸೀರಿ ಕೂಡಿಸಿ ಹೊಲದಿದ್ದೆ! ಎಲ್ಲಾ ನಿಮ್ಮ ಔಷಧ ನುಂಗ್ಯಾದ!"

ಸಾಹೇಬ್ರು ಕೌದಿ ಮುಟ್ಟಿದ್ರು, ಚೂರು ಕೈಯಾಗ ಬಂತು. ಮುಖಾ ಅರಳಿತು. "ಹತ್ತಿನೂ ಗಿಡದ್ದೇ ಅಲ್ಲೇನ್ರಿ ತಾಯಿ! ಬರೇ ಕುದಿಸಿದ್ರ ಅರವಿ ಹಿಂಗ ಕರಗೂದಿಲ್ಲ, ಇದಕ್ಕಿಂತ ದೊಡ್ಡ ಪುರಾವಾ ಬ್ಯಾಡ. ಸ್ಕೀಮ್ ಮುಂದ ನಡೀಲಿ." ಅಕ್ಕಾರ ಕಾಲಿಗಿ ಬೀಳಬೇಕನಿಸ್ತು ನನಗ.

ಅಕ್ಕಾರು ಮಾತ್ರ ಕೌದಿ ನೋಡ್ಕೋತ ನಿಂತಿದ್ರು. ನಡುವ ಒಂದೇ ಒಂದು ಹಸರ ತುಣುಕು ಹೊಸಾದರಂಗ ಮಿಂಚಾಕತ್ತಿತ್ತು. "ಹಂಗಾರ ಇದ್ಯಾಕ ಉಳೀತು?"

ನಾ ಶಾಣ್ಯಾ ನೋಡ್ರಿ, ಪಟ್ಟನ ಹೇಳಿಬಿಟ್ಟೆ: "ಅದು ಪಾಲಿಸ್ಟರ್ ಅಕ್ಕಾರ. ನಮ್ಮ ಎಂಝೈಮ್ ಹತ್ತಿ ಬಿಟ್ಟು ಬ್ಯಾರೆ ಅರವಿ ಮುಟ್ಟಂಗಿಲ್ಲ."

ಅದು ಲಗ್ನಾದ ಮೊದಲನೇ ವರ್ಷ ಶೇಠ್, "ಅಸಲಿ ಕಾಟನ್" ಅಂತ ದೇವರಾಣಿ ಮಾಡಿ ಕೊಟ್ಟ ಸೀರಿ. ಅಕ್ಕಾರು ತುಣುಕು ಹರಕೊಂಡು ನೆಟ್ಟಗ ಅಂಗಡಿಗಿ ನಡದ್ರು.

ಸಂಜಿಕ ಶೇಠ್ ನನ್ನ ಖೋಲಿಗಿ ಬಂದು ಬಾಗಲಾ ಹಾಕ್ಕೊಂಡ್ರು. "ಸರ, ಉಳದ ಸೀರಿ ತಪಾಸ್ ಮಾಡಾಕ ಆಕಿ ಒಂದು ಬಾಟ್ಲಿ ಔಷಧ ಕೇಳಾಕತ್ತಾಳ. ನೀವು ಊರಾಗ ಇನ್ನೆಷ್ಟು ದಿನ ಇರ್ತೀರಿ?"

"ಖುಷಿ ಸುದ್ದಿ ಶೇಠ್‌ಜಿ," ಅಂದೆ. "ಇನ್ನೂ ಐದು ವರ್ಷ!"