ಗುಡುಗಣ್ಣನನ್ನು ಸರ್ವರಿಗೆ ಜೋಡಿಸಿದ್ದು

ನೀರು ಸರಬರಾಜು ಕಚೇರಿಯಲ್ಲಿ ಸಾರ್ವಜನಿಕರನ್ನು ಕೂಗಿ ಕರೆಯುವ ಸಮಸ್ತ ಕಾರ್ಯವೂ ಒಂದೇ ಗಂಟಲಿನಿಂದ ನೆರವೇರುತ್ತಿತ್ತು ಎಂಬುದು ನಿರ್ವಿವಾದ ಸಂಗತಿ. ಆ ಗಂಟಲು ಜವಾನ ಗುಡುಗಣ್ಣನದು.

ಅದೆಂಥ ಗಂಟಲು ಅಂತೀರಿ! ಒಮ್ಮೆ ಅವನು ಅಂಗಳದಲ್ಲಿ ನಿಂತು "ನಲ್ಲಿ ದುರಸ್ತಿ ಅರ್ಜಿಯವರು ಯಾರ್ರೀ?" ಎಂದು ಕೂಗಿದ್ದಕ್ಕೆ, ಅರ್ಜಿ ಕೊಡಲೋ ಬೇಡವೋ ಎಂದು ಬಚ್ಚಲಲ್ಲಿ ಬರೀ ಯೋಚಿಸುತ್ತಿದ್ದ ಮನುಷ್ಯನೊಬ್ಬ ಮೈತುಂಬ ಸೋಪಿನ ಸಮೇತ ಟವೆಲ್ ಸುತ್ತಿಕೊಂಡು ಓಡಿ ಬಂದಿದ್ದ. ಸುಳ್ಳಲ್ಲ, ಆ ನೊರೆ ಒರೆಸಿದವನೂ ಗುಡುಗಣ್ಣನೇ. ಇನ್ನೊಮ್ಮೆ ಅವನಿಗೆ ಶೀತವಾಗಿ ಸೀನಿದ್ದಕ್ಕೆ, ಕೆಟ್ಟು ನಿಂತಿದ್ದ ಗೋಡೆ ಗಡಿಯಾರ ನಡೆಯತೊಡಗಿತು. ಶೀತ ವಾಸಿಯಾದ ಮೇಲೆ ಪಾಪ, ಮತ್ತೆ ನಿಂತಿತು.

ಇಂಥ ಗಂಟಲಿರುವಾಗಲೇ ಗೋಡೆಯ ಮೇಲೆ ಪ್ರಕಟಣೆ ಬಿತ್ತು: "ಕಚೇರಿಯ ಧ್ವನಿಯನ್ನು ಆಧುನೀಕರಿಸುವ ಸಲುವಾಗಿ, ಜಾಲದ ಮೂಲಕ ಎಲ್ಲ ಕೋಣೆಗಳಿಗೂ ಧ್ವನಿ ಹರಿಸುವ ಸರ್ವರ್ ಒಂದನ್ನು ಸ್ಥಾಪಿಸತಕ್ಕದ್ದು. ಸ್ಥಾಪನೆಯಾದ ಕೂಡಲೇ ಹಾಲಿ ಧ್ವನಿಯನ್ನು ಹಳೇ ಕಡತಗಳ ಕೋಣೆಗೆ ವರ್ಗಾಯಿಸತಕ್ಕದ್ದು."

ಹಾಲಿ ಧ್ವನಿಗೆ ಕೈಕಾಲು ತಣ್ಣಗಾದವು. ಹಳೇ ಕಡತಗಳ ಕೋಣೆಯಲ್ಲಿ ಮೌನ ಕಡ್ಡಾಯ. ಅಲ್ಲಿನ ಗುಮಾಸ್ತ ಕೆಮ್ಮು ಬಂದರೂ ಹೊರಗೆ ಹೋಗಿ, ಕೆಮ್ಮಿ, ಬಾಗಿಲು ಹಾಕಿಕೊಂಡು ಒಳಗೆ ಬರುವವನು.

"ಅಲ್ಲಿಗೆ ಹಾಕಿದ್ರೆ ಕೂಗೆಲ್ಲ ಹೊಟ್ಟೆಯಲ್ಲೇ ಹುಳಿತು ಸತ್ತೋಗ್ತೀನಿ ಕಣೇ," ಎಂದ ಮನೆಯಲ್ಲಿ.

"ಸಾಯೋ ಮಾತು ಮೆಲ್ಲಗೆ ಆಡಿ," ಎಂದಳು ಹೆಂಡತಿ. "ಪಕ್ಕದ ಬೀದಿಯವರು ನಿಜ ಅಂದ್ಕೊಂಡು ಹೊರಟು ಬಂದಾರು."

ಸರ್ವರ್ ಬಂತು. ಸಾಹೇಬರ ಭಾಮೈದನ ಅಂಗಡಿಯಿಂದಲೇ ಬಂತು, ಏಕೆಂದರೆ ಟೆಂಡರಿನಲ್ಲಿ "ಸರಬರಾಜುದಾರರು ಸಾಹೇಬರ ಸ್ವಭಾವವನ್ನು ಬಾಲ್ಯದಿಂದ ಬಲ್ಲವರಾಗಿರತಕ್ಕದ್ದು" ಎಂಬ ಷರತ್ತಿತ್ತು. ಅದನ್ನು ಜೋಡಿಸಲು ಬಂದ ಇಂಜಿನಿಯರಮ್ಮ ಸಾಹೇಬರ ಕೋಣೆಯಲ್ಲಿದ್ದ ಒಂದೇ ಒಂದು ಪ್ಲಗ್ಗಿಗೆ ಪೆಟ್ಟಿಗೆಯನ್ನು ಸಿಕ್ಕಿಸಿ, "ಕ್ಲೈಂಟ್‌ಗಳೆಲ್ಲಿ?" ಎಂದು ಕೇಳಿದರು.

"ಹಾಗಂದ್ರೆ?" ಎಂದರು ಹೆಡ್‌ಕ್ಲಾರ್ಕು.

"ಸರ್ವರ್ ಮಾತು ಕಳಿಸತ್ತೆ ಅಷ್ಟೇ. ಅದನ್ನ ಕೇಳಿಸ್ಕೊಂಡು ಪ್ರತಿ ಕೋಣೆಯಲ್ಲೂ ಜೋರಾಗಿ ಒದರೋದಕ್ಕೆ ಇನ್ನೊಂದು ಬೇಕು ಸಾರ್. ಅದೇ ಕ್ಲೈಂಟ್."

ಭಾಮೈದನ ಅಂಗಡಿಯಲ್ಲಿ ಕ್ಲೈಂಟ್ ಇರಲಿಲ್ಲ. ಅಂಗಡಿಯಲ್ಲಿ ಇಲ್ಲದ ವಸ್ತು ಅಗತ್ಯವಲ್ಲ ಎಂಬುದು ಕಚೇರಿಯ ಹಳೆಯ ನಿಯಮ. ಆದರೆ ಮರುದಿನವೇ ಪರಿಶೀಲನಾ ಸಮಿತಿ ಬರುವುದಿತ್ತು. ಹೆಡ್‌ಕ್ಲಾರ್ಕು ಕನ್ನಡಕ ತೆಗೆದು ಒರೆಸಿ, ಬಾಗಿಲಲ್ಲಿ ನಿಂತಿದ್ದ ಗುಡುಗಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಕೇಳಿಸ್ಕೊಂಡು ಒದರೋದು ತಾನೇ? ಅಂಥದ್ದೊಂದು ನಮ್ಮಲ್ಲೇ ಇದೆಯಲ್ಲಮ್ಮ."

ಹೀಗೆ ಗುಡುಗಣ್ಣನ ಕಿವಿಗೆ ಸರ್ವರಿನ ತಂತಿ ಸಿಕ್ಕಿಸಿ, ಸಂರಚನೆ ಆರಂಭವಾಯಿತು.

"ಕ್ಲೈಂಟ್‌ಗೆ ಖಾಯಂ ವಿಳಾಸ ಕೊಡಬೇಕು, ಅದು ಬದಲಾಗಬಾರದು," ಎಂದರು ಇಂಜಿನಿಯರಮ್ಮ. ಅವರಿಗೂ ಸಂಜೆಯೊಳಗೆ ಕೆಲಸ ಮುಗಿಸಿ ಊರಿಗೆ ಹೋಗಬೇಕಿತ್ತು.

"ಕೇಳಿಸ್ತೇನಯ್ಯಾ?" ಎಂದರು ಹೆಡ್‌ಕ್ಲಾರ್ಕು, ಗುಡುಗಣ್ಣ ಕೂತಿದ್ದ ಸ್ಟೂಲು ತೋರಿಸಿ. "ಈ ಸ್ಟೂಲೇ ನಿನ್ನ ಖಾಯಂ ವಿಳಾಸ. ಬಿಟ್ಟು ಏಳಕೂಡದು."

"ಏಳದೆ ಬೇರೆ ಕೋಣೆಗೆ ಹೇಗೆ ಹೋಗ್ಲಿ ಸ್ವಾಮಿ?"

ಹೆಡ್‌ಕ್ಲಾರ್ಕು ನಿಯಮಾವಳಿಯನ್ನು ಮನಸ್ಸಿನಲ್ಲೇ ತಿರುವಿ ಹಾಕಿದರು. "ವಿಳಾಸ ಎತ್ಕೊಂಡು ಹೋಗು."

ಆಮೇಲೆ ಗುಪ್ತಪದ. ಕ್ಲೈಂಟ್ ದಿನಾ ಬೆಳಿಗ್ಗೆ ಅದನ್ನು ಹೇಳಿದರೆ ಮಾತ್ರ ಸರ್ವರ್ ಒಳಗೆ ಬಿಟ್ಟುಕೊಳ್ಳುತ್ತದಂತೆ. "ಮೆಲ್ಲಗೆ ಹೇಳಣ್ಣ, ಯಾರಿಗೂ ಕೇಳಿಸಬಾರದು," ಎಂದರು ಇಂಜಿನಿಯರಮ್ಮ. ಗುಡುಗಣ್ಣ ತನ್ನ ಜೀವಮಾನದ ಅತ್ಯಂತ ಮೆಲುದನಿಯಲ್ಲಿ "ತಣ್ಣೀರು!" ಎಂದ. ಎದುರಿನ ಹೋಟೆಲಿನ ಮಾಣಿ ಲೋಟ ಹಿಡಿದುಕೊಂಡು ಓಡಿ ಬಂದ. ಕೂಡಲೇ ಸುತ್ತೋಲೆ ಹೊರಟಿತು: "ಗುಪ್ತಪದವು ತಣ್ಣೀರು ಎಂಬುದನ್ನು ಊರಿನ ಸಮಸ್ತರೂ ಗುಪ್ತವಾಗಿ ಇಟ್ಟುಕೊಳ್ಳತಕ್ಕದ್ದು."

"ಕೊನೇದು ಬಫರ್. ಬಂದ ಮಾತನ್ನ ಬಂದ ಹಾಗೇ ಉಗುಳಬಾರದಣ್ಣ. ಸ್ವಲ್ಪ ಕೂಡಿಟ್ಕೊಂಡು ಬಿಡಬೇಕು, ಆಗ ತುಂಡಾಗಲ್ಲ."

ಗುಡುಗಣ್ಣ ಗಂಟಲಿಗೆಂದು ಸದಾ ಜೊತೆಗಿಟ್ಟುಕೊಳ್ಳುವ ಬಿಸಿನೀರಿನ ಚೊಂಬು ಎತ್ತಿ ಗಟಗಟ ಕುಡಿಯತೊಡಗಿದ.

"ಏನಯ್ಯಾ ಅದು?"

"ಕೂಡಿಟ್ಕೋತಿದೀನಿ ಸ್ವಾಮಿ."

ಎಲ್ಲ ಸರಿಹೋಯಿತು, ಗುಡುಗಣ್ಣನ ಎದೆಯೊಂದು ಬಿಟ್ಟು. ಸಾಹೇಬರು ಸ್ವಂತ ದನಿಯಲ್ಲಿ ಸರ್ವರಿಗೆ ತುಂಬಿಸಿದ್ದ ಮೊದಲ ಪ್ರಕಟಣೆ ಅವನ ವರ್ಗಾವಣೆಯದೇ ಆಗಿತ್ತು. ತನ್ನ ಗೋಣು ಮುರಿಯುವ ಸುದ್ದಿಯನ್ನು ತಾನೇ ಕೂಗಬೇಕು! ಕೂಗದಿದ್ದರೆ ಕೆಟ್ಟ ಕ್ಲೈಂಟ್ ಎಂದು ಗುಜರಿಗೆ ಹಾಕುತ್ತಾರೆ. ಕೂಗಿದರೆ ಮೌನದ ಕೋಣೆ. ಅತ್ತ ದರಿ, ಇತ್ತ ಪುಲಿ, ನಡುವೆ ಸ್ಟೂಲು.

ಮರುದಿನ ಸಮಿತಿಯ ಅಧ್ಯಕ್ಷರು ಸದಸ್ಯರೊಂದಿಗೆ ಬಂದು ಸಾಹೇಬರ ಕೋಣೆಯಲ್ಲಿ ಕುಳಿತು, ಬಿಸ್ಕತ್ತಿನ ತಟ್ಟೆಯನ್ನು ಕೂಲಂಕಷವಾಗಿ ಪರಿಶೀಲಿಸಿದರು. ಗುಡುಗಣ್ಣ ಗುಪ್ತಪದ ಹೇಳಿದ. ಕಿಟಕಿ ಗಾಜು ಅದುರಿತು. ಸರ್ವರ್ ಶುರುವಾಯಿತು: "ಸಾರ್ವಜನಿಕರ ಗಮನಕ್ಕೆ. ಇಂದಿನಿಂದ ಹಾಲಿ ಧ್ವನಿಯನ್ನು..."

ಅಷ್ಟರಲ್ಲಿ ಸಾಹೇಬರು, "ಏನಮ್ಮಾ, ಚಹಾ ಎಲ್ಲಿ? ದೊಡ್ಡವರು ಕಾಯ್ತಿದಾರೆ!" ಎಂದು ಗದರಿದರು. ಚಹಾದಾಕೆ ಗಾಬರಿಯಿಂದ, ಕೋಣೆಯ ಆ ಒಂದೇ ಪ್ಲಗ್ಗಿನಿಂದ ಸರ್ವರನ್ನು ಕಿತ್ತು ಕೆಟಲ್ ಸಿಕ್ಕಿಸಿದಳು.

ಗುಡುಗಣ್ಣನ ಕಿವಿ ಖಾಲಿಯಾಯಿತು. ಆದರೆ ಬಾಯಿ ಆಗಲೇ ತೆರೆದಿತ್ತು. ಅವನು ಒಂದು ಗುಟುಕು ಬಿಸಿನೀರು ಕೂಡಿಟ್ಟುಕೊಂಡು, ವಿಳಾಸವನ್ನು ಬಗಲಿಗೇರಿಸಿ, ಕೋಣೆ ಕೋಣೆಗೂ ಹೋಗಿ ಒದರಿದ:

"ಸಾರ್ವಜನಿಕರ ಗಮನಕ್ಕೆ! ಇಂದಿನಿಂದ ಹಾಲಿ ಧ್ವನಿಯನ್ನು... ಇದ್ದಲ್ಲೇ ಇಟ್ಟುಕೊಳ್ಳಲಾಗಿದೆ!"

ಮಾಡಿನ ಮೇಲಿನ ಪಾರಿವಾಳಗಳು ಸಾಲಾಗಿ ಕೆಳಗಿಳಿದವು. ಜನ ಚಪ್ಪಾಳೆ ತಟ್ಟಿದರು.

"ಭೇಷ್! ಒಂದಕ್ಷರ ತುಂಡಾಗ್ಲಿಲ್ಲ," ಎಂದರು ಅಧ್ಯಕ್ಷರು. "ಆದ್ರೆ ಈ ಪೆಟ್ಟಿಗೆ ಯಾಕೆ ಸುಮ್ನೆ ಕೂತಿದೆ?"

"ಕೂಡಿಟ್ಕೋತಿದೆ ಸ್ವಾಮಿ," ಎಂದರು ಹೆಡ್‌ಕ್ಲಾರ್ಕು.

ಸಾಹೇಬರು ಮಾತ್ರ ಕೆಂಪಾದರು. "ಏಯ್, ನಾನು ಹೇಳಿದ್ದು ಅದಲ್ಲ!"

"ಹೇಳಿದ್ದು ಏನಾದ್ರೂ ಇರಲಿ, ಪ್ರಕಟವಾದದ್ದೇ ಆದೇಶ," ಎಂದರು ಅಧ್ಯಕ್ಷರು ಚಹಾ ಹೀರುತ್ತ. ನಿಯಮ ಹಾಗೇ ಇತ್ತು.

ಒಂದು ತೊಡಕು ಉಳಿಯಿತು. ಹಳೇ ಕಡತಗಳ ಕೋಣೆಗೆ ವರ್ಗವಾಗಿದೆ ಎಂಬ ಲಿಖಿತ ಆದೇಶಕ್ಕೆ ಸಹಿ ಬಿದ್ದಿತ್ತು, ಅದನ್ನು ರದ್ದು ಮಾಡಲು ಬರುವಂತಿರಲಿಲ್ಲ. ಯಾರಾದರೂ ಹೋಗಲೇಬೇಕು. ಸರ್ವರ್ ಹೋಯಿತು.

ಈಗ ಅದು ಅಲ್ಲಿ ಕಡತಗಳ ನಡುವೆ ಕುಳಿತಿದೆ. ಆ ಕೋಣೆಯಲ್ಲಿ ಪ್ಲಗ್ಗಿಲ್ಲ. ಗುಡುಗಣ್ಣ ದಿನಾ ಬೆಳಿಗ್ಗೆ ಸ್ಟೂಲಿನೊಂದಿಗೆ ಹೋಗಿ ಅದರ ಮುಂದೆ "ತಣ್ಣೀರು!" ಎನ್ನುತ್ತಾನೆ, ಅಟ್ಟದಿಂದ ಧೂಳು ಉದುರುತ್ತದೆ, ಸಂಪರ್ಕವಾಯಿತೆಂದು ಗುಮಾಸ್ತ ತಲೆಯಾಡಿಸುತ್ತಾನೆ. ಕ್ಲೈಂಟಿನ ನಿರ್ವಹಣೆಗೆ ಬೇಕಾದ ಬಿಸಿನೀರನ್ನು ಭಾಮೈದನೇ ಸರಬರಾಜು ಮಾಡುತ್ತಿದ್ದಾನೆ.

ಬಂದಾಗಿನಿಂದ ತುಟಿ ಪಿಟಕ್ಕೆನ್ನದ ಇಂಥ ನೌಕರನನ್ನು ತಾನು ಕಂಡಿಲ್ಲವೆಂದು ಗುಮಾಸ್ತ ಶಿಫಾರಸು ಮಾಡಿದ್ದರಿಂದ ಸರ್ವರಿಗೆ ಬಡ್ತಿಯೂ ಆಯಿತು. ಆ ಸುದ್ದಿಯನ್ನು ಗುಡುಗಣ್ಣ ಹೊಟ್ಟೆಕಿಚ್ಚಿಲ್ಲದೆ, ತುಂಬು ಗಂಟಲಿನಲ್ಲಿ ಅಂಗಳದಿಂದ ಕೂಗಿದ.

ಅದೇ ಸೋಪಿನ ಮನುಷ್ಯ ಟವೆಲ್ ಸುತ್ತಿಕೊಂಡು ಮತ್ತೆ ಓಡಿ ಬಂದ. ಈ ಸಲ ನಿಯಮ ತಿಳಿದಿತ್ತು. ಬಗಲಲ್ಲಿ ಮನೆಯ ಸ್ಟೂಲಿತ್ತು.